ಡೇಟಾ ವಿಶ್ಲೇಷಣೆ ಸಾಫ್ಟ್‌ವೇರ್‌ನ ಬೀಟಾ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೀವು ದಿನವೂ ಬಳಸುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬರುವುದರಲ್ಲಿದೆ. ಬೀಟಾ ಪರೀಕ್ಷೆಗೆ, ಅಂದರೆ ಬಿಡುಗಡೆಗೆ ಮೊದಲು ಬಳಕೆದಾರರೇ ಓಡಿಸಿ ನೋಡುವ ಪರೀಕ್ಷೆಗೆ, ಯಾರು ಬರುತ್ತೀರಿ ಅಂತ ಅದನ್ನು ಬರೆಯುವವರು ಕೇಳಿದ್ದಾರೆ. ಸೇರಬೇಕು ಅನಿಸುತ್ತದೆ, ಆದರೆ ಸೇರಿ ಏನು ಮಾಡಬೇಕು ಅನ್ನುವುದು ಗೊತ್ತಿಲ್ಲ. ನಾನು ಹಲವು ವರ್ಷಗಳಿಂದ ಇಂಥ ಪರೀಕ್ಷೆಗಳಲ್ಲಿ ಭಾಗವಹಿಸುತ್ತಿದ್ದೇನೆ. ಹೊಸದಾಗಿ ಬರುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ನೀವು ಬಳಸುವುದು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರಬಹುದು, ಪೈಥಾನ್ ಇರಬಹುದು, ಮೆನು ಒತ್ತಿ ಕೆಲಸ ಮಾಡಿಸುವ ಪ್ಯಾಕೇಜ್ ಇರಬಹುದು. ಇಲ್ಲಿನ ಮಾತುಗಳು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತವೆ.

ಬೀಟಾ ಅಂದರೆ ಏನು? ಆಲ್ಫಾ ಅಂತಲೂ ಹೇಳುತ್ತಾರಲ್ಲ?

ಆಲ್ಫಾ ಹಂತದಲ್ಲಿ ಇನ್ನೂ ಕಟ್ಟುವ ಕೆಲಸ ನಡೆದಿರುತ್ತದೆ. ಹೊಸ ಸೌಲಭ್ಯಗಳು ಬರುತ್ತಿರುತ್ತವೆ, ಕೆಲವು ಬಂದು ಹೋಗುತ್ತವೆ. ಬೀಟಾ ಹೊತ್ತಿಗೆ ಕಟ್ಟಡ ನಿಂತಿರುತ್ತದೆ. ಹೊಸದಾಗಿ ಏನನ್ನೂ ಸೇರಿಸುವುದಿಲ್ಲ, ಇರುವುದನ್ನು ಸರಿಪಡಿಸುತ್ತಾರೆ ಅಷ್ಟೇ. ಅದಾದ ಮೇಲೆ ‘ರಿಲೀಸ್ ಕ್ಯಾಂಡಿಡೇಟ್’ ಬರುತ್ತದೆ. ದೊಡ್ಡ ದೋಷ ಸಿಗದಿದ್ದರೆ ಅದೇ ಅಂತಿಮ ಆವೃತ್ತಿ.

ಪೈಥಾನ್ ಈ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. 2020ರ 3.9ನೇ ಆವೃತ್ತಿಯಿಂದ ಅದು ವರ್ಷಕ್ಕೊಂದು ಆವೃತ್ತಿ ಬಿಡುಗಡೆ ಮಾಡುತ್ತಿದೆ. ಮೊದಲ ಬೀಟಾ ಮೇ ಹೊತ್ತಿಗೆ, ಅಂತಿಮ ಆವೃತ್ತಿ ಅಕ್ಟೋಬರ್‌ನಲ್ಲಿ. ಮೊದಲ ಬೀಟಾ ಬಂದ ದಿನವೇ ಹೊಸ ಸೌಲಭ್ಯಗಳಿಗೆ ಬಾಗಿಲು ಮುಚ್ಚುತ್ತದೆ. ಆರ್‌ನಲ್ಲಿ ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ವರ್ಷದ ಮುಖ್ಯ ಆವೃತ್ತಿ ಬರುತ್ತದೆ. ಅದಕ್ಕೂ ಮೊದಲು ಕೆಲವು ವಾರ ಆಲ್ಫಾ, ಬೀಟಾ, ಕ್ಯಾಂಡಿಡೇಟ್ ಒಂದರ ಹಿಂದೆ ಒಂದು ಬರುತ್ತವೆ.

ಹಾಗಾಗಿ ಬೀಟಾ ಸಮಯದಲ್ಲಿ ‘ಇನ್ನೊಂದು ಬಗೆಯ ಗ್ರಾಫ್ ಸೇರಿಸಿ’ ಅಂತ ಕೇಳಿದರೆ ತಡವಾಯಿತು ಅಂತಲೇ ಉತ್ತರ ಬರುತ್ತದೆ. ಇರುವ ಗ್ರಾಫ್ ಸರಿಯಾಗಿ ಬರುತ್ತಿದೆಯಾ ಅಂತ ನೋಡಿ ಹೇಳುವ ಕಾಲ ಇದು.

ಪರೀಕ್ಷೆ ಮಾಡುವುದು ಡೆವಲಪರ್‌ಗಳ ಕೆಲಸ ಅಲ್ವಾ? ನಾವ್ಯಾಕೆ?

ಅವರೂ ಮಾಡುತ್ತಾರೆ. ಒಳ್ಳೆಯ ಸಾಫ್ಟ್‌ವೇರ್‌ಗಳಲ್ಲಿ ಸಾವಿರಾರು ಪರೀಕ್ಷೆಗಳು ತಾವೇ ಓಡುವಂತೆ ಬರೆದಿಟ್ಟಿರುತ್ತಾರೆ. ಆದರೆ ಆ ಪರೀಕ್ಷೆಗಳು ಬರೆದವರಿಗೆ ಹೊಳೆದ ಸಂಗತಿಗಳನ್ನು ಮಾತ್ರ ನೋಡುತ್ತವೆ. ನಿಮ್ಮ ಫೈಲ್‌ನಲ್ಲಿ ಅವರಿಗೆ ಹೊಳೆಯದೇ ಇದ್ದದ್ದು ಇರುತ್ತದೆ. ಅರ್ಧ ಫೈಲ್‌ನಲ್ಲಿ ದಿನ ಮೊದಲು, ಇನ್ನರ್ಧದಲ್ಲಿ ತಿಂಗಳು ಮೊದಲು. ಉಪಕರಣ ನಡುವೆ ಕೆಟ್ಟು ಮತ್ತೆ ಶುರುವಾದಾಗ ಸೇರಿಕೊಂಡ ಎರಡನೇ ತಲೆಬರಹದ ಸಾಲು. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುವ ದೇಶದಿಂದ ಬಂದ ಕಾಲಂ.

ಗೊತ್ತಿರುವ ಕೆಲವು ಉದಾಹರಣೆ ನೋಡಿ. ಪೈಥಾನ್‌ನ ಪಾಂಡಾಸ್ ಎಂಬ ಪ್ಯಾಕೇಜ್ ‘ಎನ್‌ಎ’ ಎಂಬ ಎರಡಕ್ಷರವನ್ನು ಮೊದಲಿನಿಂದಲೂ ‘ಮಾಹಿತಿ ಇಲ್ಲ’ ಎಂದೇ ಓದುತ್ತದೆ. ನಮೀಬಿಯಾ ದೇಶದ ಎರಡಕ್ಷರದ ಸಂಕೇತವೂ ಅದೇ! ನೀವು ಬೇಡ ಅಂತ ಹೇಳದಿದ್ದರೆ ದೇಶಗಳ ಪಟ್ಟಿಯಿಂದ ಒಂದು ದೇಶವೇ ಸದ್ದಿಲ್ಲದೆ ಖಾಲಿಯಾಗುತ್ತದೆ. ಎಕ್ಸೆಲ್‌ನಲ್ಲಿ ‘ಸೆಪ್ಟ್2’ ಎಂಬ ಜೀನ್ ಹೆಸರು ಹಾಕಿದರೆ ಸೆಪ್ಟೆಂಬರ್ 2 ಆಗಿಬಿಡುತ್ತಿತ್ತು. ಎಕ್ಸೆಲ್ ಫೈಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪುಗಳಿವೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳಿಗೇ ಹೊಸ ಹೆಸರು ಇಡಬೇಕಾಯಿತು. ‘ಸೆಪ್ಟ್2’ ಈಗ ‘ಸೆಪ್ಟಿನ್2’. ಸಾಫ್ಟ್‌ವೇರ್ ಬರೆದವರಿಗೆ ಜೀನ್ ಹೆಸರು ಗೊತ್ತಿರಬೇಕಿಲ್ಲ. ಆ ಹೆಸರನ್ನು ದಿನಾ ನೋಡುವವರು ಬೀಟಾದಲ್ಲಿ ಇರಬೇಕು.

ಕ್ರ್ಯಾಶ್ ಆದರೆ ತಿಳಿಸಬೇಕು, ಅಷ್ಟೇ ತಾನೇ?

ಇಲ್ಲ. ಇದೊಂದು ಉತ್ತರವನ್ನು ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಕ್ರ್ಯಾಶ್ ಆದರೆ ಎಲ್ಲರಿಗೂ ಕಾಣುತ್ತದೆ. ಬೇಡ ಅಂದರೂ ಯಾರೋ ಒಬ್ಬರು ತಿಳಿಸುತ್ತಾರೆ. ನಮ್ಮ ಕ್ಷೇತ್ರದಲ್ಲಿ ಭಯ ಇರುವುದು ತಪ್ಪು ಸಂಖ್ಯೆಯನ್ನು ಸರಿಯಾದ ಸಂಖ್ಯೆಯ ಹಾಗೆಯೇ ತೋರಿಸುವ ದೋಷದ ಬಗ್ಗೆ. ಎಚ್ಚರಿಕೆ ಇಲ್ಲ, ಕೆಂಪು ಅಕ್ಷರ ಇಲ್ಲ. ಕೋಷ್ಟಕ ಅಚ್ಚುಕಟ್ಟಾಗಿ ಬಂದಿರುತ್ತದೆ. ಅದನ್ನು ನಂಬಿ ನೀವು ಪ್ರಬಂಧ ಬರೆಯುತ್ತೀರಿ, ನಿಮ್ಮನ್ನು ನಂಬಿ ಇನ್ನೊಬ್ಬರು ಬರೆಯುತ್ತಾರೆ.

ಇದು ಬರೀ ಊಹೆಯಲ್ಲ. 2006ರಲ್ಲಿ ಪ್ರೋಟೀನ್ ರಚನೆಗಳ ಮೇಲೆ ಕೆಲಸ ಮಾಡುತ್ತಿದ್ದ ಒಂದು ತಂಡ ಐದು ಲೇಖನಗಳನ್ನು ಹಿಂಪಡೆಯಬೇಕಾಯಿತು. ಕಾರಣ, ಅವರು ಒಳಗೇ ಬಳಸುತ್ತಿದ್ದ ಒಂದು ಪ್ರೋಗ್ರಾಂ ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ಮೆದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಒಂದು ಪ್ರಸಿದ್ಧ ಪ್ಯಾಕೇಜ್‌ನ ಒಂದು ಭಾಗದಲ್ಲಿ 15 ವರ್ಷ ಒಂದು ದೋಷ ಹಾಗೇ ಕುಳಿತಿತ್ತು. ಅದನ್ನು ಸರಿಪಡಿಸಿದ್ದು 2015ರಲ್ಲಿ. ಅಷ್ಟು ವರ್ಷ ಅದು ಒಮ್ಮೆಯೂ ‘ನಾನು ಕೆಟ್ಟಿದ್ದೇನೆ’ ಅಂತ ಹೇಳಲಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಬೀಟಾದಲ್ಲಿ ಉಷ್ಣಾಂಶ ದಾಖಲೆಯ ಫೈಲ್ ತೆರೆದಿದ್ದೆ. ಸುಮಾರು 10,000 ಸಾಲು. ಸರಾಗವಾಗಿ ತೆರೆಯಿತು, ಹಿಂದಿಗಿಂತ ಬೇಗ ತೆರೆಯಿತು. ಖುಷಿಯಿಂದ ‘ಎಲ್ಲ ಸರಿಯಿದೆ’ ಅಂತ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಹಳೆಯ ಫಲಿತಾಂಶದ ಜೊತೆ ಇಟ್ಟು ನೋಡಿದರೆ ಸರಾಸರಿ ಅರ್ಧ ಡಿಗ್ರಿ ಕಡಿಮೆ ಇತ್ತು. ಅಳತೆ ಸಿಗದ ಕಡೆ ಆ ಉಪಕರಣ -999 ಅಂತ ಬರೆಯುತ್ತದೆ. ಅದನ್ನು ಖಾಲಿ ಎಂದು ತಿಳಿಯಬೇಕು ಅನ್ನುವ ಸೆಟ್ಟಿಂಗ್ ಹಳೆಯ ಆವೃತ್ತಿಯಲ್ಲಿತ್ತು. ಹೊಸದಕ್ಕೆ ಬರುವಾಗ ಆ ಸೆಟ್ಟಿಂಗ್ ಬಿಟ್ಟುಹೋಗಿತ್ತು. ಅಂಥ ಸಾಲು ಇದ್ದದ್ದು ಐದೇ ಐದು. 25 ಡಿಗ್ರಿಯ ಸುತ್ತ ಇರುವ 10,000 ಅಳತೆಗಳ ಸರಾಸರಿಯನ್ನು ಅರ್ಧ ಡಿಗ್ರಿ ಇಳಿಸಲು ಐದು ಸಾಲು ಸಾಕು. ಅರ್ಧ ಡಿಗ್ರಿ ಅನ್ನುವುದು ಯಾರಿಗೂ ಅನುಮಾನ ತರುವ ವ್ಯತ್ಯಾಸವೂ ಅಲ್ಲ. ಆವತ್ತಿನಿಂದ ನಾನು ಹಳೆಯ ಉತ್ತರವನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಬೀಟಾ ತೆರೆಯುವುದಿಲ್ಲ.

ಹಾಗಾದರೆ ಎಂಥ ಡೇಟಾ ಇಟ್ಟುಕೊಂಡು ಪರೀಕ್ಷೆ ಮಾಡಬೇಕು?

ಉತ್ತರ ಮೊದಲೇ ಗೊತ್ತಿರುವ ಡೇಟಾ. ನೀವು ಹಿಂದೆ ಮಾಡಿ ಮುಗಿಸಿದ, ಚೆನ್ನಾಗಿ ನೆನಪಿರುವ ಒಂದು ವಿಶ್ಲೇಷಣೆ ತೆಗೆದುಕೊಳ್ಳಿ. ಮೂಲ ಫೈಲ್‌ನಿಂದ ಕೊನೆಯ ಗ್ರಾಫ್‌ವರೆಗೆ ಪೂರ್ತಿ ಬೀಟಾದಲ್ಲಿ ಓಡಿಸಿ. ಪ್ರತಿ ಹಂತದಲ್ಲೂ ಸಂಖ್ಯೆ ಹೋಲಿಸಿ. ಎಷ್ಟು ಸಾಲು ಓದಿಕೊಂಡಿತು, ಎಷ್ಟು ಖಾಲಿ ಅಂತ ಎಣಿಸಿತು, ಪ್ರತಿ ಕಾಲಂನ ಕನಿಷ್ಠ, ಗರಿಷ್ಠ ಎಷ್ಟು. ಬರೀ ಕೊನೆಯ ಉತ್ತರ ನೋಡಿದರೆ ಸಾಲದು. ಕೆಲವು ಸಲ ಎರಡು ತಪ್ಪು ಸೇರಿ ಒಂದನ್ನೊಂದು ಮುಚ್ಚಿಬಿಡುತ್ತವೆ.

ಇದರ ಜೊತೆಗೆ ಜಗತ್ತಿಗೇ ಉತ್ತರ ಗೊತ್ತಿರುವ ಡೇಟಾ ಕೂಡ ಇದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್, ಸಾಫ್ಟ್‌ವೇರ್‌ಗಳ ನಿಖರತೆ ಪರೀಕ್ಷಿಸಲೆಂದೇ ಕೆಲವು ಡೇಟಾ ಗುಚ್ಛಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಪ್ರತಿಯೊಂದರ ಜೊತೆ ಪ್ರಮಾಣೀಕರಿಸಿದ ಉತ್ತರವೂ ಇರುತ್ತದೆ. ಅದರಲ್ಲಿ ‘ಲಾಂಗ್ಲಿ’ ಎಂಬುದು ಬರೀ 16 ಸಾಲಿನದು. ಆದರೆ ಅದರ ಆರು ಕಾಲಂಗಳು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಅಂದರೆ, 1967ರಲ್ಲಿ ಲಾಂಗ್ಲಿ ಅವರು ಅಂದಿನ ಪ್ರೋಗ್ರಾಂಗಳಿಗೆ ಅದನ್ನು ಕೊಟ್ಟಾಗ ಒಂದೊಂದು ಒಂದೊಂದು ಉತ್ತರ ಹೇಳಿದವು. ‘ಫಿಲಿಪ್’ ಎಂಬುದರಲ್ಲಿ 82 ಸಾಲು. ಅದಕ್ಕೆ ಹತ್ತನೇ ಘಾತದ ವಕ್ರರೇಖೆ ಹೊಂದಿಸಬೇಕು. ಅದು ಇನ್ನೂ ಕಷ್ಟ. ಇವೆರಡನ್ನೂ ಓಡಿಸಲು ಹತ್ತು ನಿಮಿಷ ಸಾಕು.

ಅದೂ ಬೇಡ ಅಂದರೆ ಈಗಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. 1000000001, 1000000002, 1000000003 ಈ ಮೂರು ಸಂಖ್ಯೆ ಹಾಕಿ ಮಾದರಿಯ ಪ್ರಮಾಣಿತ ವಿಚಲನೆ ಕೇಳಿ. ಉತ್ತರ 1 ಬರಬೇಕು. ವರ್ಗಗಳ ಮೊತ್ತದಿಂದ ಕಳೆಯುವ ಹಳೆಯ ಸೂತ್ರವನ್ನು ಹಾಗೇ ಬಳಸಿದ್ದರೆ ಸರಿ ಉತ್ತರ ಬರುವುದಿಲ್ಲ. ಎರಡು ಭಾರೀ ಸಂಖ್ಯೆಗಳನ್ನು ಕಳೆಯುವಾಗ ನಮಗೆ ಬೇಕಾದ ಅಂಕೆಗಳೇ ಅಳಿಸಿಹೋಗಿರುತ್ತವೆ. 2003ಕ್ಕಿಂತ ಹಿಂದಿನ ಎಕ್ಸೆಲ್ ಆವೃತ್ತಿಗಳಲ್ಲಿ ಇದೇ ತೊಂದರೆ ಇತ್ತು.

ಇನ್‌ಸ್ಟಾಲ್ ಮಾಡಿದರೆ ನನ್ನ ಈಗಿನ ಕೆಲಸ ಹಾಳಾಗುತ್ತದಾ?

ಎಚ್ಚರ ತಪ್ಪಿದರೆ ಆಗಬಹುದು. ಬೀಟಾಕ್ಕೆ ಪ್ರತ್ಯೇಕ ಜಾಗ ಕೊಡಿ. ಪೈಥಾನ್ ಆದರೆ ಬೇರೆಯೇ ಎನ್ವಿರಾನ್‌ಮೆಂಟ್ ಮಾಡಿ. ಆರ್ ಆದರೆ ಪ್ಯಾಕೇಜ್‌ಗಳಿಗೆ ಬೇರೆ ಲೈಬ್ರರಿ ಫೋಲ್ಡರ್ ಇರಲಿ. ಮೆನು ಇರುವ ಸಾಫ್ಟ್‌ವೇರ್ ಆದರೆ ಹಳೆಯದರ ಮೇಲೆಯೇ ಕೂರುತ್ತದಾ, ಪಕ್ಕದಲ್ಲಿ ಕೂರುತ್ತದಾ ಅಂತ ಇನ್‌ಸ್ಟಾಲ್ ಮಾಡುವ ಮೊದಲೇ ಓದಿಕೊಳ್ಳಿ. ಇನ್ನೊಂದು ಕಂಪ್ಯೂಟರ್ ಇದ್ದರೆ ಅದೇ ಒಳ್ಳೆಯದು.

ಹೆಚ್ಚು ಜನ ಎಡವುವುದು ಫೈಲ್ ಉಳಿಸುವಾಗ. ಹಳೆಯ ಪ್ರಾಜೆಕ್ಟ್ ಫೈಲ್ ಅನ್ನು ಬೀಟಾದಲ್ಲಿ ತೆರೆದು ‘ಸೇವ್’ ಒತ್ತುತ್ತಾರೆ. ಅದು ಹೊಸ ರೂಪದಲ್ಲಿ ಉಳಿಯುತ್ತದೆ. ಆಮೇಲೆ ಹಳೆಯ ಆವೃತ್ತಿ ಅದನ್ನು ತೆರೆಯುವುದೇ ಇಲ್ಲ. ಹಾಗಾಗಿ ಮೂಲ ಫೈಲ್ ಮುಟ್ಟಲೇಬೇಡಿ. ನಕಲು ಮಾಡಿದ ಫೋಲ್ಡರ್ ಒಂದರಲ್ಲಿ ಕೆಲಸ ಮಾಡಿ. ಮೂಲ ಫೋಲ್ಡರ್‌ನ ಬ್ಯಾಕಪ್ ಇನ್ನೊಂದು ಡಿಸ್ಕ್‌ನಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಹಳೆಯದಕ್ಕೂ ಹೊಸದಕ್ಕೂ ಉತ್ತರದಲ್ಲಿ ಚೂರು ವ್ಯತ್ಯಾಸ ಇದೆ. ಇದು ಬಗ್, ಅಂದರೆ ದೋಷವಾ?

ವ್ಯತ್ಯಾಸ ಎಷ್ಟನೇ ಅಂಕೆಯಲ್ಲಿದೆ ಅನ್ನುವುದನ್ನು ಮೊದಲು ನೋಡಿ.

ಕಂಪ್ಯೂಟರ್ 0.1 ಎಂಬ ಸಂಖ್ಯೆಯನ್ನು ಪೂರ್ತಿ ನಿಖರವಾಗಿ ಹಿಡಿದಿಡಲಾರದು. ಅದರ ಲೆಕ್ಕ ಎರಡರ ಘಾತಗಳಲ್ಲಿ ನಡೆಯುತ್ತದೆ. ಅದಕ್ಕೇ 0.1 ಮತ್ತು 0.2 ಕೂಡಿಸಿದರೆ ಒಳಗೆ 0.30000000000000004 ಬರುತ್ತದೆ. ಸಾಮಾನ್ಯವಾಗಿ ಬಳಸುವ 64 ಬಿಟ್ ಸಂಖ್ಯೆಗಳಲ್ಲಿ ಸುಮಾರು 15 ಅಂಕೆ ನಂಬಬಹುದು. 32 ಬಿಟ್ ಆದರೆ ಸುಮಾರು 7. ಕೂಡುವ ಕ್ರಮ ಬದಲಾದರೂ ಕೊನೆಯ ಅಂಕೆ ಅಲ್ಲಾಡುತ್ತದೆ. ಹೊಸ ಆವೃತ್ತಿ ಅದೇ ಮೊತ್ತವನ್ನು ನಾಲ್ಕು ಕೋರ್‌ಗಳಿಗೆ ಹಂಚಿ ಕೂಡಿಸುತ್ತಿದ್ದರೆ 15ನೇ ಅಂಕೆ ಬೇರೆ ಬಂದರೆ ಆಶ್ಚರ್ಯವಿಲ್ಲ. ಅದು ದೋಷವಲ್ಲ.

ಮೂರನೇ ಅಂಕೆಯಲ್ಲಿ ವ್ಯತ್ಯಾಸ ಕಂಡರೆ ಮಾತ್ರ ಅಲ್ಲೇ ನಿಲ್ಲಿ. ಹಾಗೆ ಬಿಟ್ಟು ಮುಂದೆ ಹೋಗಬೇಡಿ.

ಈ ಎರಡರ ನಡುವಿನದ್ದು ಕಷ್ಟದ ಜಾಗ. ಆರನೇ, ಏಳನೇ ಅಂಕೆಯಲ್ಲಿ ಬದಲಾದರೆ ಕೆಲವು ಸಲ ಲೆಕ್ಕ 64 ಬಿಟ್‌ನಿಂದ 32 ಬಿಟ್‌ಗೆ ಇಳಿದಿರುತ್ತದೆ. 2024ರ ಜೂನ್‌ನಲ್ಲಿ ಪೈಥಾನ್‌ನ ಲೆಕ್ಕದ ಪ್ಯಾಕೇಜ್ ನಂಪೈ 2.0 ಬಂದಾಗ ಇಂಥದೊಂದು ನಿಯಮ ಬದಲಾಯಿತು. 32 ಬಿಟ್‌ನ ಒಂಟಿ ಸಂಖ್ಯೆಗೆ ಪೈಥಾನ್‌ನ ಸಾದಾ ದಶಮಾಂಶ ಸಂಖ್ಯೆ ಕೂಡಿಸಿದರೆ ಹಿಂದೆ 64 ಬಿಟ್ ಉತ್ತರ ಬರುತ್ತಿತ್ತು, ಈಗ 32 ಬಿಟ್‌ನಲ್ಲೇ ಉಳಿಯುತ್ತದೆ. ಇನ್ನು ಹೆಜ್ಜೆ ಹೆಜ್ಜೆಯಾಗಿ ಉತ್ತರದತ್ತ ಸಾಗುವ ವಿಧಾನಗಳಲ್ಲಿ, ಎಲ್ಲಿ ನಿಲ್ಲಬೇಕು ಅನ್ನುವ ಮಿತಿ ಬದಲಾಗಿದ್ದರೂ ಹೀಗಾಗುತ್ತದೆ. ಮಿತಿಯನ್ನು ಬಿಗಿ ಮಾಡಿ ಎರಡರಲ್ಲೂ ಮತ್ತೆ ಓಡಿಸಿ. ಉತ್ತರಗಳು ಹತ್ತಿರ ಬಂದರೆ ಸರಿ. ಬರದಿದ್ದರೆ ವರದಿ ಮಾಡಿ. ಅನುಮಾನ ಇದ್ದರೂ ವರದಿ ಮಾಡಿ. ‘ಇದು ಬಗ್ ಅಲ್ಲ’ ಅಂತ ಉತ್ತರ ಬಂದರೆ ನಿಮಗೇನೂ ನಷ್ಟವಿಲ್ಲ.

ಸೀಡ್ (ಸಂಖ್ಯೆಗಳ ಸರಣಿ ಶುರುವಾಗಲು ಕೊಡುವ ಸಂಖ್ಯೆ) ಒಂದೇ ಕೊಟ್ಟರೂ ಯಾದೃಚ್ಛಿಕ ಸಂಖ್ಯೆಗಳು ಬೇರೆ ಬರುತ್ತಿವೆ!

ಸಂಖ್ಯೆ ಹುಟ್ಟಿಸುವ ವಿಧಾನವೇ ಬದಲಾಗಿರಬಹುದು. 2019ರಲ್ಲಿ ಆರ್ 3.6.0 ಬಂದಾಗ ಹೀಗಾಯಿತು. ಪಟ್ಟಿಯಿಂದ ಮಾದರಿ ಆರಿಸುವ ಹಳೆಯ ವಿಧಾನ, ಪಟ್ಟಿ ತುಂಬಾ ದೊಡ್ಡದಾದಾಗ ಎಲ್ಲರಿಗೂ ಸಮಾನ ಅವಕಾಶ ಕೊಡುತ್ತಿರಲಿಲ್ಲ. ಅದನ್ನು ಸರಿಪಡಿಸಿದರು. ಅದರಿಂದ ಅದೇ ಸೀಡ್‌ಗೆ ಬೇರೆ ಮಾದರಿ ಬರತೊಡಗಿತು. ಹಳೆಯ ಫಲಿತಾಂಶ ಮರಳಿ ಬೇಕಿದ್ದವರಿಗೆ ಹಳೆಯ ವಿಧಾನಕ್ಕೆ ಹೋಗುವ ಆಯ್ಕೆಯನ್ನೂ ಉಳಿಸಿದರು.

ಇಲ್ಲಿ ಒಂದೊಂದೇ ಸಂಖ್ಯೆ ಹೋಲಿಸಿ ಪ್ರಯೋಜನವಿಲ್ಲ. ಸಾವಿರಾರು ಸಲ ಓಡಿಸಿ, ಸರಾಸರಿ ಮತ್ತು ಹರವು ಹೋಲುತ್ತವೆಯಾ ನೋಡಿ.

ಉತ್ತರ ಬದಲಾಗಿದೆ ಅಂತ ತಿಳಿಸಿದೆ. ‘ಬೇಕಂತಲೇ ಬದಲಿಸಿದ್ದೇವೆ’ ಅಂದರು. ಈಗೇನು?

ನಡೆಯುತ್ತದೆ. ಬೀಟಾಕ್ಕೆ ಬರುವವರು ಹೊಸ ಆವೃತ್ತಿಯನ್ನು ಅನುಮಾನಿಸುತ್ತಲೇ ಬರುತ್ತಾರೆ. ಹಳೆಯದೂ ತಪ್ಪಿರಬಹುದು ಅನ್ನುವ ಮಾತು ತಲೆಗೆ ಬರುವುದು ತಡ. ಮೇಲೆ ಹೇಳಿದ ಆರ್ 3.6.0ರಲ್ಲಿ ತಪ್ಪಿದ್ದದ್ದು ಹಳೆಯದೇ. ಆದ್ದರಿಂದ ವ್ಯತ್ಯಾಸ ಸಿಕ್ಕ ಕೂಡಲೇ ‘ಹೊಸದು ಕೆಟ್ಟಿದೆ’ ಅಂತ ಬರೆಯಬೇಡಿ. ‘ಎರಡೂ ಬೇರೆ ಹೇಳುತ್ತಿವೆ, ಯಾವುದು ಸರಿ?’ ಅಂತ ಕೇಳಿ. ಸಾಧ್ಯವಾದರೆ ಮೂರನೆಯದೊಂದು ಸಾಫ್ಟ್‌ವೇರ್‌ನಲ್ಲೂ ನೋಡಿ. ಚಿಕ್ಕ ಲೆಕ್ಕವಾದರೆ ಕೈಯಲ್ಲೇ ಮಾಡಿ.

ಇನ್ನು ಕೆಲವು ಬದಲಾವಣೆಗಳಲ್ಲಿ ಸರಿ ತಪ್ಪು ಅಂತ ಇರುವುದಿಲ್ಲ, ಅಭ್ಯಾಸ ಬದಲಾಗಿರುತ್ತದೆ. ಪೈಥಾನ್ 2ರಲ್ಲಿ 3ನ್ನು 2ರಿಂದ ಭಾಗಿಸಿದರೆ 1 ಬರುತ್ತಿತ್ತು. 2008ರ ಕೊನೆಗೆ ಬಂದ ಪೈಥಾನ್ 3ರಲ್ಲಿ 1.5 ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ ಆರ್ 4.0.0ರಿಂದ ಪಠ್ಯದ ಕಾಲಂಗಳು ತಾವಾಗಿಯೇ ‘ಫ್ಯಾಕ್ಟರ್’ (ಗುಂಪುಗಳ ಹೆಸರಿನ ಕಾಲಂ) ಆಗುವುದು ನಿಂತಿತು. ಎರಡೂ ಒಳ್ಳೆಯ ಬದಲಾವಣೆಗಳೇ. ಆದರೆ ಹಳೆಯ ಅಭ್ಯಾಸವನ್ನು ನಂಬಿ ಬರೆದ ಸ್ಕ್ರಿಪ್ಟ್‌ಗಳು ಮುರಿದವು. ಇಂಥದ್ದು ಸಿಕ್ಕರೆ ಬದಲಾವಣೆಯ ಟಿಪ್ಪಣಿಯಲ್ಲಿ ಅದು ಸ್ಪಷ್ಟವಾಗಿ ಬರೆದಿದೆಯಾ, ಓಡಿಸುವಾಗ ಎಚ್ಚರಿಕೆ ಬರುತ್ತಿದೆಯಾ ನೋಡಿ. ಇಲ್ಲದಿದ್ದರೆ ಅದೇ ವರದಿ ಮಾಡಬೇಕಾದ ದೋಷ. ಬದಲಿಸಿದ್ದು ತಪ್ಪಲ್ಲ, ಹೇಳದೆ ಬದಲಿಸಿದ್ದು ತಪ್ಪು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಬರುತ್ತದೆ, ಗೆಳತಿಯದರಲ್ಲಿ ಬೇರೆ ಬರುತ್ತದೆ. ಯಾರದ್ದನ್ನು ತಿಳಿಸಬೇಕು?

ಇಬ್ಬರದ್ದೂ, ಒಟ್ಟಿಗೆ. ಇದು ಬಹಳ ಬೆಲೆಯುಳ್ಳ ಸುಳಿವು. 2014ರಲ್ಲಿ ಪ್ರಕಟವಾದ, ರಸಾಯನಶಾಸ್ತ್ರದವರು ಬಳಸುತ್ತಿದ್ದ ಪೈಥಾನ್ ಸ್ಕ್ರಿಪ್ಟ್ ಒಂದು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಿದೆ ಎಂದು 2019ರಲ್ಲಿ ಗೊತ್ತಾಯಿತು. ಫೋಲ್ಡರ್‌ನಲ್ಲಿರುವ ಫೈಲ್‌ಗಳ ಪಟ್ಟಿಯನ್ನು ಸಿಸ್ಟಮ್ ಯಾವ ಕ್ರಮದಲ್ಲಿ ಕೊಡುತ್ತದೋ ಅದೇ ಕ್ರಮವನ್ನು ಸ್ಕ್ರಿಪ್ಟ್ ನಂಬಿಕೊಂಡಿತ್ತು. ಆ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಪಟ್ಟಿಯನ್ನು ಮೊದಲು ವಿಂಗಡಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಒಂದೇ ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಓಡಿಸಿದರೂ ಇದು ಸಿಗುತ್ತಿರಲಿಲ್ಲ.

ನನ್ನ ಕಾಲಂ ಹೆಸರುಗಳು ಕನ್ನಡದಲ್ಲಿವೆ. ಪರೀಕ್ಷೆಗೆ ಇಂಗ್ಲಿಷ್‌ಗೆ ಬದಲಿಸಲಾ?

ದಯವಿಟ್ಟು ಬದಲಿಸಬೇಡಿ! ಕನ್ನಡದಲ್ಲೇ ಓಡಿಸಿ. ಈ ಪರೀಕ್ಷೆಯನ್ನು ನಮ್ಮ ಪರವಾಗಿ ಬೇರೆ ಯಾರೂ ಮಾಡುವುದಿಲ್ಲ.

ನೋಡಬೇಕಾದ್ದು ಸಾಕಷ್ಟಿದೆ. ‘ಕ್ಷಿ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ, ಆ ಸಂಕೇತಗಳನ್ನು ಫೈಲ್‌ನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 12 ಬೈಟ್. ಹೆಸರಿಗೆ ಇಷ್ಟೇ ಉದ್ದ ಅಂತ ಮಿತಿ ಇದ್ದರೆ ಅದು ಯಾವುದನ್ನು ಎಣಿಸುತ್ತದೆ? ಅಕ್ಷರದ ನಡುವೆಯೇ ಕತ್ತರಿಸಿದರೆ ಹೆಸರು ಹಾಳು. ‘ಸಾಫ್ಟ್‌ವೇರ್’ ತರಹದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಸಾಫ್ಟ್‌ವೇರ್ ಬೇರೆ ಬೇರೆ ಎಂದು ತಿಳಿದರೆ ಎರಡು ಕೋಷ್ಟಕ ಜೋಡಿಸುವಾಗ ಸಾಲುಗಳು ಬಿಟ್ಟುಹೋಗುತ್ತವೆ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತವಾಗಿಯೂ ಉಳಿಸಬಹುದು. ಅಲ್ಲೂ ಇದೇ ಕಥೆ. ಗ್ರಾಫ್ ಅನ್ನು ಪಿಡಿಎಫ್ ಆಗಿ ಉಳಿಸಿ ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ನೋಡಿ. ಪರದೆಯ ಮೇಲೆ ಸರಿ ಕಂಡದ್ದು ಪಿಡಿಎಫ್‌ನಲ್ಲಿ ಚದುರಿರಬಹುದು. ಕನ್ನಡ ಅಂಕಿಗಳನ್ನೂ ಕೊಟ್ಟು ನೋಡಿ. ಪೈಥಾನ್ ‘೧೨೩’ ಎಂಬ ಪಠ್ಯವನ್ನು ಪೂರ್ಣಾಂಕ ಮಾಡು ಅಂದರೆ 123 ಎಂದೇ ಓದುತ್ತದೆ. ಎಲ್ಲ ಸಾಫ್ಟ್‌ವೇರ್‌ಗಳೂ ಹಾಗಿಲ್ಲ.

ವಿಂಡೋಸ್‌ನಲ್ಲಿ ಆರ್ ಬಳಸುತ್ತಿದ್ದವರಿಗೆ ಕನ್ನಡ ಅಕ್ಷರಗಳ ಜಾಗದಲ್ಲಿ ಯೂನಿಕೋಡ್ ಸಂಖ್ಯೆಗಳು ಕಂಡ ನೆನಪಿರಬಹುದು. 2022ರ 4.2.0 ಆವೃತ್ತಿಯಲ್ಲಿ ವಿಂಡೋಸ್‌ನಲ್ಲೂ ಯುಟಿಎಫ್-8 ಬಂದ ಮೇಲೆ ಆ ಕಷ್ಟ ಬಹಳ ಕಡಿಮೆಯಾಯಿತು.

ಬಗ್ ವರದಿ ಬರೆಯುವುದು ಹೇಗೆ?

‘ಸರಾಸರಿ ತಪ್ಪು ಬರುತ್ತಿದೆ, ಬೇಗ ನೋಡಿ’ ಅಂತ ಬರೆದರೆ ಓದುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅವರು ತಮ್ಮ ಕಂಪ್ಯೂಟರ್‌ನಲ್ಲಿ ಅದೇ ತಪ್ಪನ್ನು ಕಣ್ಣಾರೆ ಕಾಣಬೇಕು. ಅದಕ್ಕೆ ಬೇಕಾದ್ದನ್ನೆಲ್ಲ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಬೀಟಾದ ಪೂರ್ತಿ ಆವೃತ್ತಿ ಸಂಖ್ಯೆ ಬರೆಯಿರಿ. ‘ಹೊಸ ಬೀಟಾ’ ಅಂದರೆ ಸಾಲದು, ವಾರಕ್ಕೊಂದು ಬರುತ್ತಿರುತ್ತದೆ. ಆಪರೇಟಿಂಗ್ ಸಿಸ್ಟಮ್ ಯಾವುದು, ಜೊತೆಗಿರುವ ಪ್ಯಾಕೇಜ್‌ಗಳ ಆವೃತ್ತಿ ಯಾವುದು ಹೇಳಿ. ಆಮೇಲೆ ಮೂರು ಮಾತು: ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು. ಹಳೆಯ ಆವೃತ್ತಿಯಲ್ಲಿ ಏನು ಬರುತ್ತಿತ್ತು ಅನ್ನುವುದನ್ನೂ ಸೇರಿಸಿ. ದೋಷದ ಸಂದೇಶ ಬಂದಿದ್ದರೆ ಅದನ್ನು ಪಠ್ಯವಾಗಿಯೇ ಅಂಟಿಸಿ. ಸ್ಕ್ರೀನ್‌ಶಾಟ್‌ನಲ್ಲಿರುವ ಅಕ್ಷರಗಳನ್ನು ಹುಡುಕಲು, ನಕಲಿಸಲು ಆಗುವುದಿಲ್ಲ. ಗ್ರಾಫ್ ಕೆಟ್ಟಿದ್ದರೆ ಮಾತ್ರ ಚಿತ್ರ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉದಾಹರಣೆಯನ್ನು ಚಿಕ್ಕದು ಮಾಡುವುದು. ನಿಮ್ಮ ಫೈಲ್‌ನಲ್ಲಿ ಹತ್ತು ಲಕ್ಷ ಸಾಲು ಇದೆ ಅನ್ನಿ. ಅರ್ಧ ತೆಗೆಯಿರಿ. ತಪ್ಪು ಇನ್ನೂ ಬರುತ್ತಿದೆಯಾ? ಬಂದರೆ ಅದರಲ್ಲಿ ಮತ್ತೆ ಅರ್ಧ ತೆಗೆಯಿರಿ. ಬರದಿದ್ದರೆ ತೆಗೆದ ಅರ್ಧದಲ್ಲಿ ನೋಡಿ. ತಪ್ಪು ಒಂದೇ ಸಾಲಿನಲ್ಲಿದ್ದರೆ ಸುಮಾರು 20 ಸಲದಲ್ಲಿ ಅದು ಕೈಗೆ ಸಿಗುತ್ತದೆ. ಕಾಲಂಗಳಿಗೂ, ಸ್ಕ್ರಿಪ್ಟ್‌ನ ಸಾಲುಗಳಿಗೂ ಹೀಗೇ ಮಾಡಿ. ಕೊನೆಗೆ ಐದಾರು ಸಾಲಿನ ಡೇಟಾ, ನಾಲ್ಕು ಸಾಲಿನ ಸ್ಕ್ರಿಪ್ಟ್ ಉಳಿದರೆ ಅದು ಬಂಗಾರದಂಥ ವರದಿ. ಎಷ್ಟೋ ಸಲ ಹೀಗೆ ಚಿಕ್ಕದು ಮಾಡುತ್ತಾ ಹೋದಾಗ ತಪ್ಪು ನಮ್ಮದೇ ಸ್ಕ್ರಿಪ್ಟ್‌ನಲ್ಲಿ ಸಿಗುತ್ತದೆ. ಅದೂ ಲಾಭವೇ ಅಲ್ವಾ.

ಒಂದು ವರದಿಯಲ್ಲಿ ಒಂದೇ ದೋಷ ಬರೆಯಿರಿ. ಬರೆಯುವ ಮೊದಲು ಅದೇ ದೋಷವನ್ನು ಬೇರೆ ಯಾರಾದರೂ ತಿಳಿಸಿದ್ದಾರಾ ಹುಡುಕಿ. ತಿಳಿಸಿದ್ದರೆ ‘ನನಗೂ ಬಂತು’ ಅಂತ ಬಿಡದೆ, ನಿಮ್ಮಲ್ಲಿ ಬೇರೆಯಾಗಿರುವ ಸಂಗತಿ ಏನು ಅನ್ನುವುದನ್ನು ಅದಕ್ಕೇ ಸೇರಿಸಿ.

ನನ್ನ ಡೇಟಾ ಗೋಪ್ಯವಾದದ್ದು. ಕಳಿಸಲೇಬೇಕಾ?

ಬೇಡ. ರೋಗಿಗಳ ಮಾಹಿತಿ, ಸಮೀಕ್ಷೆಗೆ ಉತ್ತರಿಸಿದವರ ಮಾಹಿತಿ ಇದ್ದರೆ ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗಬಾರದು. ಹೆಸರು ಅಳಿಸಿದರೆ ಸಾಕು ಅಂದುಕೊಳ್ಳಬೇಡಿ. ಹುಟ್ಟಿದ ದಿನ, ಊರು, ಉದ್ಯೋಗ ಮೂರೂ ಸೇರಿದರೆ ಎಷ್ಟೋ ಸಲ ಯಾರು ಅಂತ ಗೊತ್ತಾಗಿಬಿಡುತ್ತದೆ.

ಅದೇ ಆಕಾರದ ಸುಳ್ಳು ಡೇಟಾ ಮಾಡಿ ಕಳಿಸಿ. ಇಲ್ಲವೇ ಎಲ್ಲರ ಬಳಿಯೂ ಇರುವ ಡೇಟಾದಲ್ಲಿ ತಪ್ಪನ್ನು ತೋರಿಸಲು ನೋಡಿ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ತಮ್ಮ ಲೇಖನದಲ್ಲಿ ಬಳಸಿದ ಐರಿಸ್ ಹೂವಿನ 150 ಸಾಲಿನ ಕೋಷ್ಟಕ ಆರ್‌ನ ಒಳಗೇ ಬರುತ್ತದೆ. ಕ್ರ್ಯಾಶ್ ವರದಿ ತಾನಾಗಿಯೇ ಹೋಗುವ ಸೆಟ್ಟಿಂಗ್ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಆ ಕ್ಷಣ ಮೆಮೊರಿಯಲ್ಲಿ ಇದ್ದದ್ದರ ತುಣುಕು ಅದರ ಜೊತೆ ಹೋಗಬಹುದು. ಗೋಪ್ಯ ಡೇಟಾ ಇರುವ ಕಂಪ್ಯೂಟರ್‌ನಲ್ಲಿ ಅದನ್ನು ಆಫ್ ಮಾಡಿಡಿ.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಸೇರಬಹುದಾ?

ಖಂಡಿತ. ಒಂದು ಸಂಖ್ಯೆ ನೋಡಿ ‘ಇದು ಇಷ್ಟು ಇರಲು ಸಾಧ್ಯವೇ ಇಲ್ಲ’ ಅಂತ ಹೇಳಬಲ್ಲವರು ಆ ವಿಷಯ ಬಲ್ಲವರು ಮಾತ್ರ. ಆ ಕಣ್ಣು ಪ್ರೋಗ್ರಾಮಿಂಗ್‌ನಿಂದ ಬರುವುದಿಲ್ಲ.

ಬೀಟಾದಲ್ಲಿ ಬಂದ ಫಲಿತಾಂಶವನ್ನು ಪ್ರಬಂಧದಲ್ಲಿ ಹಾಕಬಹುದಾ?

ಹಾಕಬೇಡಿ. ಮುಂದಿನ ವಾರದ ಬೀಟಾದಲ್ಲಿ ಅದೇ ಲೆಕ್ಕ ಬದಲಾಗಬಹುದು. ಈ ಬೀಟಾ ಆಮೇಲೆ ಯಾರಿಗೂ ಸಿಗದೇ ಹೋಗಬಹುದು. ಆಗ ನಿಮ್ಮ ಫಲಿತಾಂಶವನ್ನು ಮತ್ತೊಬ್ಬರು ಮಾಡಿ ನೋಡುವುದು ಹೇಗೆ? ಹೊಸ ಆವೃತ್ತಿಯಲ್ಲಿ ಮಾತ್ರ ಇರುವ ವಿಧಾನ ಬೇಕೇ ಬೇಕು ಅಂದರೆ ಅಂತಿಮ ಬಿಡುಗಡೆಯವರೆಗೆ ಕಾಯಿರಿ, ಅದರಲ್ಲಿ ಮತ್ತೆ ಓಡಿಸಿ, ಆ ಆವೃತ್ತಿ ಸಂಖ್ಯೆಯನ್ನೇ ಪ್ರಬಂಧದಲ್ಲಿ ಬರೆಯಿರಿ.

ಹೊಸದು ನಿಧಾನ ಅನಿಸುತ್ತಿದೆ. ತಿಳಿಸಬಹುದಾ?

ತಿಳಿಸಿ, ಆದರೆ ಅಳೆದು ತಿಳಿಸಿ. ಮೊದಲ ಸಲ ಓಡಿಸುವಾಗ ಏನೇನೋ ಲೋಡ್ ಆಗುತ್ತಿರುತ್ತದೆ, ಅದನ್ನು ಬಿಡಿ. ಅದೇ ಕೆಲಸವನ್ನು ಹತ್ತು ಸಲ ಎರಡೂ ಆವೃತ್ತಿಯಲ್ಲಿ ಓಡಿಸಿ, ಬಂದ ಸಮಯಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಮಯ (ಮಧ್ಯಾಂಕ) ಹೇಳಿ. ಕೆಲವು ಬೀಟಾಗಳಲ್ಲಿ ದೋಷ ಹುಡುಕಲೆಂದು ಹೆಚ್ಚಿನ ತಪಾಸಣೆ ಹಾಕಿರುತ್ತಾರೆ. ನಿಧಾನಕ್ಕೆ ಅದೇ ಕಾರಣವೂ ಇರಬಹುದು.

ವರದಿ ಕಳಿಸಿ ಎರಡು ವಾರವಾಯಿತು. ಯಾರೂ ಉತ್ತರಿಸಿಲ್ಲ.

ಬೇಸರವಾಗುತ್ತದೆ, ನನಗೂ ಆಗಿದೆ. ಈ ಕ್ಷೇತ್ರದ ಎಷ್ಟೋ ಸಾಫ್ಟ್‌ವೇರ್‌ಗಳನ್ನು ಬೆರಳೆಣಿಕೆಯ ಜನ ತಮ್ಮ ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆ. ಹೊಸ ಬೀಟಾ ಬಂದಾಗ ಅದರಲ್ಲೂ ಓಡಿಸಿ ನೋಡಿ, ‘ಇದರಲ್ಲೂ ಹೀಗೇ ಇದೆ’ ಅಂತ ಒಂದು ಸಾಲು ಸೇರಿಸಿ. ಅದು ಜಗಳವಲ್ಲ, ಕೆಲಸಕ್ಕೆ ಬರುವ ಮಾಹಿತಿ. ತಪ್ಪು ಸಂಖ್ಯೆಯ ದೋಷವಾದರೆ ‘ಎಚ್ಚರಿಕೆ ಇಲ್ಲದೆ ತಪ್ಪು ಉತ್ತರ ಬರುತ್ತಿದೆ’ ಅನ್ನುವುದನ್ನು ತಲೆಬರಹದಲ್ಲೇ ಹಾಕಿ. ಕ್ರ್ಯಾಶ್‌ಗಳ ರಾಶಿಯಲ್ಲಿ ಅದು ಕಣ್ಣಿಗೆ ಬೀಳಬೇಕು.

ಎಷ್ಟು ಸಮಯ ಕೊಡಬೇಕಾಗುತ್ತದೆ?

ವಾರಕ್ಕೆ ಒಂದೆರಡು ಗಂಟೆ ಸಾಕು. ಮೊದಲ ವಾರ ಮಾತ್ರ ಸ್ವಲ್ಪ ಜಾಸ್ತಿ. ಹಳೆಯ ವಿಶ್ಲೇಷಣೆ ಓಡಿಸಿ ಸಂಖ್ಯೆ ಹೋಲಿಸುವ ಕೆಲಸವನ್ನು ಒಂದು ಸ್ಕ್ರಿಪ್ಟ್ ಆಗಿ ಬರೆದಿಟ್ಟರೆ ಮುಂದಿನ ಬೀಟಾಗಳಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಬೀಟಾ ಮುಗಿದು ಅಂತಿಮ ಆವೃತ್ತಿ ಬಂತು. ಇನ್ನು ಬಿಡಬಹುದಾ?

ಇನ್ನೊಂದೇ ಒಂದು ಸಲ ಓಡಿಸಿ. ಕೊನೆಯ ಬೀಟಾಕ್ಕೂ ಅಂತಿಮ ಆವೃತ್ತಿಗೂ ನಡುವೆ ಕೊನೆ ಗಳಿಗೆಯ ತಿದ್ದುಪಡಿಗಳು ಸೇರಿರುತ್ತವೆ. ನೀವು ತಿಳಿಸಿದ ದೋಷ ಸರಿಯಾಗಿದೆಯಾ, ಅದನ್ನು ಸರಿಪಡಿಸುವಾಗ ಪಕ್ಕದ್ದು ಕೆಟ್ಟಿಲ್ಲವಾ ಅಂತ ನೋಡಿ. ನಿಮ್ಮ ಐದು ಸಾಲಿನ ಉದಾಹರಣೆಯನ್ನು ಅವರ ಪರೀಕ್ಷೆಗಳ ಜೊತೆ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿ. ಸೇರಿಸಿಕೊಂಡರೆ ಮುಂದಿನ ಪ್ರತಿ ಆವೃತ್ತಿಯಲ್ಲೂ ಅದು ತಾನಾಗಿಯೇ ಓಡುತ್ತದೆ. ಆಮೇಲೆ ಬೀಟಾವನ್ನು ಕಂಪ್ಯೂಟರ್‌ನಿಂದ ತೆಗೆಯಿರಿ. ಹಳೆಯ ಆವೃತ್ತಿಯನ್ನು ಮಾತ್ರ, ಈಗ ಕೈಯಲ್ಲಿರುವ ಪ್ರಬಂಧ ಮುಗಿಯುವವರೆಗೆ ಇಟ್ಟುಕೊಳ್ಳಿ.